ನಾಟಕ ಬರೆಸುವ ಯೋಜನೆ: ದುಡ್ಡಿಗಿಂತ ನಟರು ಸಿಕ್ಕಿದ್ದೇ ಹೆಚ್ಚು

ಒಂದು ನಾಟಕೋತ್ಸವದವರು ಸ್ಥಳೀಯ ಬರಹಗಾರರಿಂದ ಹೊಸ ನಾಟಕ ಬರೆಸುವ ಯೋಜನೆ ನಡೆಸುತ್ತಾರೆ. ನಾನು ಅರ್ಜಿ ಹಾಕಿದ್ದೆ. ಆಯ್ಕೆಯಾಯಿತು, ಬರೆದೆ, ನಾಟಕ ರಂಗಕ್ಕೂ ಬಂತು. ಅರ್ಜಿಯಿಂದ ಹಿಡಿದು ಕೊನೆಯ ಪ್ರದರ್ಶನದವರೆಗೆ ಅಲ್ಲಿ ಏನೇನು ಸಿಕ್ಕಿತು, ಏನು ಸಿಗಲಿಲ್ಲ ಅಂತ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಕರೆ ನೋಡಿ ಹಾಕಲೋ ಬೇಡವೋ ಅಂತ ಯೋಚಿಸುತ್ತಿರುವ ಬರಹಗಾರರಿಗೆ ಉಪಯೋಗವಾಗಬಹುದು. ಇಂಥದ್ದೊಂದನ್ನು ತಾವೂ ಶುರು ಮಾಡಬೇಕು ಅಂತಿರುವ ತಂಡಗಳಿಗೂ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಒಳ್ಳೆಯ ಯೋಜನೆ. ಸಂಭಾವನೆ ಕೊಡುತ್ತಾರೆ, ಅದು ಬೇಕೇ ಬೇಕು. ಆದರೆ ನಾಟಕ ಇನ್ನೂ ಅರ್ಧ ಆಗಿರುವಾಗಲೇ ನಟರನ್ನು ತಂದು ಎದುರಿಗೆ ಕೂರಿಸುತ್ತಾರಲ್ಲ, ಈ ಯೋಜನೆಯ ಜೀವ ಅಲ್ಲಿದೆ.

ನಾಟಕ ಸ್ಪರ್ಧೆಗಳು ನಮಗೆಲ್ಲ ಗೊತ್ತು. ಪೂರ್ತಿ ನಾಟಕ ಬರೆದು ಕಳಿಸಬೇಕು, ಕಾಯಬೇಕು. ತೀರ್ಪುಗಾರರು ಮನೆಯಲ್ಲಿ ಕೂತು ಓದುತ್ತಾರೆ. ಬಹುಮಾನ ಬಂದರೆ ಒಂದು ಸಮಾರಂಭ, ಒಂದು ಫೋಟೊ. ಆಮೇಲೆ ಆ ನಾಟಕವನ್ನು ಯಾರಾದರೂ ಆಡುತ್ತಾರೆ ಅನ್ನುವ ಭರವಸೆ ಇಲ್ಲ. ಬರೆಸುವ ಯೋಜನೆ ಇದಕ್ಕೆ ತಿರುವುಮುರುವು. ಇಲ್ಲಿ ಕೇಳಿದ್ದು ಎರಡು ಪುಟದ ಕಥೆ ಮತ್ತು ಒಂದು ಪೂರ್ತಿ ದೃಶ್ಯ, ಅಷ್ಟೇ. ಆಯ್ಕೆಯಾದ ಕೂಡಲೇ ಪ್ರದರ್ಶನದ ದಿನಾಂಕ ಹೇಳಿದರು, ಯಾವ ರಂಗಮಂದಿರ ಅಂತಲೂ ಹೇಳಿದರು. ಬರೆಯುವ ಮೊದಲೇ ಖಾಲಿ ರಂಗದ ಮೇಲೆ ನಿಂತು ನೋಡುವುದಕ್ಕೆ ಬಿಟ್ಟರು. ಎಡಗಡೆ ವಿಂಗ್‌ನಲ್ಲಿ, ಅಂದರೆ ನಟರು ಮರೆಯಲ್ಲಿ ಕಾಯುವ ಪಕ್ಕದ ಜಾಗದಲ್ಲಿ, ಸ್ಥಳ ಕಡಿಮೆ, ಒಬ್ಬರ ಹಿಂದೆ ಒಬ್ಬರು ನಿಲ್ಲಬೇಕು. ಹಿಂದಿನ ಗೋಡೆಗೂ ಪರದೆಗೂ ನಡುವೆ ದಾಟುವಷ್ಟು ದಾರಿ ಇದೆ. ಇದೆಲ್ಲ ಕಣ್ಣಲ್ಲಿ ಇಟ್ಟುಕೊಂಡು ಬರೆಯುವುದಕ್ಕೂ, ಯಾವುದೋ ಒಂದು ರಂಗ ಅಂದುಕೊಂಡು ಬರೆಯುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಜಾಗ ತಿಳಿದು ಬರೆಸಿದ ನಾಟಕ ಅಂದ ಕೂಡಲೇ ನನಗೆ ನೆನಪಾಗುವುದು ಇಂಗ್ಲಿಷ್ ಕವಿ ಟಿ. ಎಸ್. ಎಲಿಯಟ್‌ರ 'ಮರ್ಡರ್ ಇನ್ ದ ಕ್ಯಾಥೆಡ್ರಲ್'. ಅದನ್ನು ಅವರು ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿ ನಡೆದ 1935ರ ಉತ್ಸವಕ್ಕಾಗಿ ಬರೆದರು. ಬಿಷಪ್ ಜಾರ್ಜ್ ಬೆಲ್ ಬರೆಸಿದ್ದು. ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ರ ಕೊಲೆಯಾಗಿದ್ದು 1170ರಲ್ಲಿ, ಅದೇ ಊರಿನ ಕ್ಯಾಥೆಡ್ರಲ್‌ನಲ್ಲಿ, ಅಂದರೆ ದೊಡ್ಡ ಚರ್ಚಿನಲ್ಲಿ. ನಾಟಕ ಮೊದಲು ನಡೆದದ್ದು ಅದಕ್ಕೆ ಸೇರಿದ ಸಭಾಭವನದಲ್ಲಿ. ಕೊಲೆ ನಡೆದ ಜಾಗದ ಪಕ್ಕದಲ್ಲೇ ಕೂತು ಜನ ಆ ಕೊಲೆಯ ನಾಟಕ ನೋಡಿದರು! ಊರಿನ ಉತ್ಸವಕ್ಕೆ ಅಂತ ಬರೆಸಿದ ನಾಟಕ ಆ ಊರಿನಾಚೆ ಹೋಗುವುದಿಲ್ಲ ಅನ್ನುವವರು, ಊರಿನಾಚೆಗೂ ಹೋದ ಈ ನಾಟಕವನ್ನು ಸ್ವಲ್ಪ ಗಮನಿಸಬೇಕು.

ಇನ್ನು ಕರಾರು ಪತ್ರ. ಬರಹಗಾರರು ಇದನ್ನು ಸರಿಯಾಗಿ ಓದುವುದಿಲ್ಲ, ನಾಚಿಕೊಳ್ಳುತ್ತಾರೆ. ಓದಿ. ಇಲ್ಲಿ ಸಂಭಾವನೆ ಮೂರು ಕಂತು: ಸಹಿ ಹಾಕಿದಾಗ, ಮೊದಲ ಕರಡು ಕೊಟ್ಟಾಗ, ತಾಲೀಮು ಶುರುವಾದಾಗ. ಎರಡನೇ ಕಂತಿನ ಸಾಲು ನನಗೆ ತುಂಬಾ ಹಿಡಿಸಿತು. ಕರಡು ಅವರಿಗೆ ಇಷ್ಟವಾಗಲಿ ಬಿಡಲಿ, ಕೊಟ್ಟರೆ ದುಡ್ಡು ಬರುತ್ತದೆ. ಅಂದರೆ ಬರೆಯುವವರು ಮೆಚ್ಚಿಸುವುದಕ್ಕೆ ಅಂತ ಬರೆಯಬೇಕಾಗಿಲ್ಲ. ಉತ್ಸವದವರು ನಾಟಕ ಆಡದೇ ಹೋದರೆ ಹಕ್ಕು ಪೂರ್ತಿ ಬರಹಗಾರರಿಗೆ ವಾಪಸ್ ಬರುತ್ತದೆ, ಕೊಟ್ಟ ದುಡ್ಡು ಹಿಂದಿರುಗಿಸಬೇಕಿಲ್ಲ ಅಂತಲೂ ಇತ್ತು. ಮೂರೂ ಕಂತು ಹೇಳಿದ ಸಮಯಕ್ಕೆ ಬಂದವು. ಫೋನ್ ಮಾಡಿ ಕೇಳುವ ಪರಿಸ್ಥಿತಿ ಒಮ್ಮೆಯೂ ಬರಲಿಲ್ಲ.

ಅದೇ ಪತ್ರದಲ್ಲಿ ನನಗೆ ಒಪ್ಪಿಗೆಯಾಗದ ಒಂದು ಸಾಲೂ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ನನ್ನ ನಾಟಕ ರಸ್ತೆ ಅಗಲ ಮಾಡುವ ಬಗ್ಗೆ. ಒಂದು ಬೀದಿಯ ನಾಲ್ಕು ಮನೆಗಳ ಗೋಡೆ ಮೇಲೆ ಕೆಂಪು ಬಣ್ಣದ ಗುರುತು ಬಿದ್ದಿದೆ. ಎರಡು ಮನೆಯವರಿಗೆ ಪೂರ್ತಿ ಮನೆ ಹೋಗುತ್ತದೆ, ಒಬ್ಬರಿಗೆ ಜಗಲಿ ಹೋಗುತ್ತದೆ. ಇನ್ನೊಬ್ಬರಿಗೆ ಏನೂ ಹೋಗುವುದಿಲ್ಲ, ಆದರೆ ಮನೆ ಮುಖ್ಯರಸ್ತೆಗೆ ಬಂದುಬಿಡುತ್ತದೆ. ಅಳತೆ ಮಾಡುವ ಸರ್ವೆಯರ್ ಒಬ್ಬ ಮೊದಲ ದೃಶ್ಯದಲ್ಲಿ ಬಂದು ಹೋಗುತ್ತಾನೆ. ಅರ್ಧ ನಾಟಕ ಬರೆದಿದ್ದೆ. ಮುಂದಿನ ಅರ್ಧಕ್ಕೆ ಟಿಪ್ಪಣಿ ಮಾತ್ರ ಇತ್ತು. ಆ ಹೊತ್ತಿಗೆ ವಾಚನ ಇಟ್ಟರು.

ವಾಚನ ಅಂದರೆ ಸುಮ್ನೆ ಕೂತು ಓದಿಸುವುದಲ್ಲ. ಆರು ಜನ ನಟರು, ಕೈಯಲ್ಲಿ ಹಾಳೆ, ನೆಲದ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿದ ರಂಗ. ಮೊದಲು ಕೂತು ಓದಿದರು. ಆಮೇಲೆ ಎದ್ದು, ಓದುತ್ತಲೇ ನಡೆದಾಡಿದರು. ಎರಡನೇ ದೃಶ್ಯದ ಕೊನೆಯಲ್ಲಿ ಹಿರಿಯ ಮಗ ಸಿಟ್ಟಿನಿಂದ ಹೊರಗೆ ಹೋಗುತ್ತಾನೆ. ಮುಂದಿನ ದೃಶ್ಯ ಕಚೇರಿಯಲ್ಲಿ, ಮಾರನೇ ದಿನ. ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಎದುರು ಬದಿಯಿಂದ ಬರಬೇಕು. ನಡುವೆ ಇದ್ದದ್ದು ತಾಯಿಯ ಎರಡೇ ಮಾತು. ಆ ಪಾತ್ರದ ನಟ ಏನೂ ಹೇಳಲಿಲ್ಲ. ಎಡಕ್ಕೆ ಹೋದರು, ಟೇಪ್ ಗುರುತಿನ ಹಿಂದಿನಿಂದ ಸುತ್ತು ಹಾಕಿದರು, ಅಂಗಿಯ ಗುಂಡಿ ಬಿಚ್ಚುವ ಹಾಗೆ, ಹಾಕುವ ಹಾಗೆ ಮಾಡುತ್ತಾ ಬಲಕ್ಕೆ ಬಂದರು. ಅಷ್ಟು ಹೊತ್ತು ನಾವೆಲ್ಲ ಖಾಲಿ ರಂಗ ನೋಡುತ್ತಾ ಕೂತಿದ್ದೆವು.

ಅವತ್ತು ರಾತ್ರಿ ಆ ಜಾಗಕ್ಕೆ ಪಕ್ಕದ ಮನೆಯ ಹೆಂಗಸನ್ನು ತಂದೆ. ಅವಳದ್ದೇ ಏನೂ ಕಳೆದುಕೊಳ್ಳದ ಮನೆ. ಅಂಗಿ ಬದಲಿಸಲು ಬೇಕಾದಷ್ಟು ಹೊತ್ತು ಅವಳು ತಾಯಿಯ ಹತ್ತಿರ ಸಮಾಧಾನದ ಮಾತು ಆಡುತ್ತಾಳೆ. ಆಡುತ್ತಾ ಆಡುತ್ತಾ ತನ್ನ ಮನೆ ಮುಂದೆ ಅಂಗಡಿ ಹಾಕಿದರೆ ಬಾಡಿಗೆ ಎಷ್ಟು ಬರಬಹುದು ಅನ್ನುವಲ್ಲಿಗೆ ಬಂದು ನಿಲ್ಲುತ್ತಾಳೆ. ಪ್ರದರ್ಶನದಲ್ಲಿ ಜನ ಅತಿ ಜಾಸ್ತಿ ನಕ್ಕಿದ್ದು ಅಲ್ಲಿ, ಆಮೇಲೆ ತಟ್ಟನೆ ಸುಮ್ಮನಾಗಿದ್ದೂ ಅಲ್ಲೇ. ಆ ಬೀದಿಯ ಒಳಜಗಳ ಪೂರ್ತಿ ಆ ಎಂಟು ಮಾತಿನಲ್ಲಿ ಬಂದುಬಿಟ್ಟಿತು. ನನ್ನ ಕೋಣೆಯಲ್ಲಿ ಕೂತು ಬರೆದಿದ್ದರೆ ಆ ಮಾತುಗಳು ಹುಟ್ಟುತ್ತಿರಲಿಲ್ಲ.

ಸರ್ವೆಯರ್ ಪಾತ್ರದ್ದೂ ಹಾಗೇ. ಅದನ್ನು ಓದಿದ ನಟಿ ವಾಚನ ಮುಗಿದ ಮೇಲೆ ಕೇಳಿದರು, "ಸರ್, ಈ ಮನುಷ್ಯನಿಗೂ ಒಂದು ಮನೆ ಇರತ್ತೆ ಅಲ್ವಾ? ಅದು ಎಲ್ಲಿದೆ?" ನಾಟಕದ ದ್ವಿತೀಯಾರ್ಧ ಬರೆಯುವುದಕ್ಕೆ ನನಗೆ ಬೇಕಾಗಿದ್ದ ದಾರಿ ಆ ಪ್ರಶ್ನೆಯಿಂದ ಸಿಕ್ಕಿತು. ಸರ್ವೆಯರ್ ಕೊನೆಯ ದೃಶ್ಯಕ್ಕೆ ವಾಪಸ್ ಬಂದ.

ನಟರನ್ನು ಕೊಡುವುದು ಹೊಸ ಉಪಾಯವೇನಲ್ಲ. ಕ್ರಿ.ಪೂ. ಐದನೇ ಶತಮಾನದ ಅಥೆನ್ಸ್‌ನಲ್ಲಿ ಡಯೋನೈಸಸ್ ದೇವರ ಉತ್ಸವಕ್ಕೆ ನಾಟಕ ಬರೆಯಬೇಕೆನ್ನುವ ಕವಿ ಅಧಿಕಾರಿಯ ಹತ್ತಿರ ಹೋಗಿ ಮೇಳ (ನಾಟಕದಲ್ಲಿ ಹಾಡಿ ಕುಣಿಯುವವರ ಗುಂಪು) ಕೊಡಿ ಅಂತ ಕೇಳುತ್ತಿದ್ದ. ಆಯ್ಕೆಯಾದ ಕವಿಗೆ ಮೇಳ ಸಿಗುತ್ತಿತ್ತು. ಆ ಮೇಳದ ತಾಲೀಮಿನ, ಬಟ್ಟೆಬರೆಯ ಖರ್ಚನ್ನು ಊರಿನ ಒಬ್ಬ ಶ್ರೀಮಂತ ಹೊರಬೇಕಿತ್ತು. ಅಂದರೆ ಅವರು ಬರೆಯುವವನಿಗೆ ಮೊದಲು ಕೊಡುತ್ತಿದ್ದದ್ದು ಜನರನ್ನು.

ಅಮೆರಿಕದಲ್ಲಿ 1964ರಲ್ಲಿ ಶುರುವಾದ ಯುಜೀನ್ ಒನೀಲ್ ಥಿಯೇಟರ್ ಸೆಂಟರ್ ಕೂಡ ಇದೇ ದಾರಿ ಹಿಡಿಯಿತು. ಅಲ್ಲಿ ನಾಟಕಕಾರರ ಶಿಬಿರದಲ್ಲಿ ನಟರು ಹಾಳೆ ಹಿಡಿದೇ ನಾಟಕ ಆಡಿ ತೋರಿಸುತ್ತಾರೆ, ದೊಡ್ಡ ಸೆಟ್ ಇಲ್ಲ. ಬರಹಗಾರ ನೋಡಿ, ತಿದ್ದುತ್ತಾನೆ. ಅಮೆರಿಕದ ನಾಟಕಕಾರ ಆಗಸ್ಟ್ ವಿಲ್ಸನ್ ಅಲ್ಲಿಗೆ ಹಲವು ಬಾರಿ ನಾಟಕ ಕಳಿಸಿ ತಿರಸ್ಕಾರ ಕಂಡವರು. 1982ರಲ್ಲಿ 'ಮಾ ರೇನೀಸ್ ಬ್ಲ್ಯಾಕ್ ಬಾಟಮ್' ಆಯ್ಕೆಯಾಯಿತು. 1984ರಲ್ಲಿ ಅದು ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಬ್ರಾಡ್‌ವೇಗೆ ಹೋಯಿತು. ನಮ್ಮ ಗಿರೀಶ ಕಾರ್ನಾಡರ 'ಅಗ್ನಿ ಮತ್ತು ಮಳೆ'ಯ ಹಿಂದೆಯೂ ಇಂಥದ್ದೊಂದು ಕರೆ ಇದೆ. ಅಮೆರಿಕದ ಮಿನಿಯಾಪೊಲಿಸ್‌ನ ಗತ್ರಿ ಥಿಯೇಟರ್ 1993ರಲ್ಲಿ ಅವರ 'ನಾಗಮಂಡಲ' ಆಡಿತು. ಹೊಸದೊಂದು ಬರೆದುಕೊಡಿ ಅಂತ ಕೇಳಿದ್ದೂ ಅದೇ ಥಿಯೇಟರ್. ಅಲ್ಲಿನ ನಟರ ಜೊತೆ ಕೂತು ಆ ನಾಟಕವನ್ನು ಪರೀಕ್ಷಿಸುವ ಅವಕಾಶವೂ ಕಾರ್ನಾಡರಿಗೆ ಸಿಕ್ಕಿತು. ಅಷ್ಟು ಹೊತ್ತಿಗೆ 'ತುಘಲಕ್', 'ಹಯವದನ' ಬರೆದು ದೊಡ್ಡ ಹೆಸರು ಮಾಡಿದ್ದವರು ಅವರು. ಅಂಥವರಿಗೂ ನಟರ ಬಾಯಲ್ಲಿ ಕೇಳಿ ನೋಡುವುದು ಬೇಕಾಗುತ್ತದೆ ಅಂದಮೇಲೆ, ಮೊದಲ ಎರಡನೇ ನಾಟಕ ಬರೆಯುವವರ ಮಾತೇನು?

ಈ ಉತ್ಸವದವರು ಜೊತೆಗೆ ಒಬ್ಬ ಡ್ರಾಮಾಟರ್ಗ್ ಕೂಡ ಕೊಟ್ಟಿದ್ದರು. ನಮ್ಮಲ್ಲಿ ಈ ಕೆಲಸ ಇನ್ನೂ ಅಷ್ಟಾಗಿ ಬಳಕೆಗೆ ಬಂದಿಲ್ಲ. ಬರೆಯುವವರ ಪಕ್ಕ ನಿಂತು ಪ್ರಶ್ನೆ ಕೇಳುವುದು ಅವರ ಕೆಲಸ. ನನಗೆ ಸಿಕ್ಕವರು ಹೀಗೆ ಬರೆಯಿರಿ ಅಂತ ಒಮ್ಮೆಯೂ ಹೇಳಲಿಲ್ಲ. "ಈ ದೃಶ್ಯ ಶುರುವಾದಾಗ ಗೊತ್ತಿಲ್ಲದ ಯಾವ ವಿಷಯ ಮುಗಿಯುವಾಗ ಗೊತ್ತಾಗತ್ತೆ?" ಅಂತ ಮಾತ್ರ ಕೇಳುತ್ತಿದ್ದರು. ಉತ್ತರ ಇಲ್ಲದ ದೃಶ್ಯಗಳನ್ನು ನಾನೇ ತೆಗೆದೆ. ಇಂಥವರು ಸಿಗುವುದು ಅದೃಷ್ಟ. ನನ್ನ ಜೊತೆ ಆಯ್ಕೆಯಾದ ಇನ್ನೊಬ್ಬ ಲೇಖಕಿಗೆ ಸಿಕ್ಕವರು ತಾವೇ ಸಂಭಾಷಣೆ ತಿದ್ದಿ ಕಳಿಸುತ್ತಿದ್ದರಂತೆ. ಆ ಲೇಖಕಿ ಬಹಳ ನೊಂದಿದ್ದರು. ಉತ್ಸವದವರು ಇದಕ್ಕೊಂದು ನಿಯಮ ಮಾಡಬೇಕು: ತಿದ್ದುವ ಪೆನ್ನು ಬರಹಗಾರರ ಕೈಯಲ್ಲೇ ಇರಲಿ.

ತಾಲೀಮಿಗೆ ಬರಹಗಾರರನ್ನು ಕರೆಯುತ್ತಾರೆ, ಆದರೆ ಮೊದಲ ವಾರ ಮತ್ತು ಕೊನೆಯ ವಾರ ಮಾತ್ರ. ನಡುವೆ ನಿರ್ದೇಶಕರಿಗೆ ಬಿಟ್ಟುಬಿಡಬೇಕು. ಇದು ಸರಿ ಅನ್ನಿಸಿತು. ದಿನಾ ಹಿಂದೆ ಬರಹಗಾರ ಕೂತಿದ್ದರೆ ನಟರು ತಪ್ಪು ಮಾಡುವುದಕ್ಕೂ ಹೆದರುತ್ತಾರೆ.

ಇನ್ನು ಕೊರತೆಗಳು. ಮೊದಲನೆಯದು ತಾಂತ್ರಿಕ ತಾಲೀಮಿಗೆ ಕೊಟ್ಟ ಸಮಯ. ಒಂದೇ ರಂಗದಲ್ಲಿ ನಾಲ್ಕು ಹೊಸ ನಾಟಕ, ದಿನಕ್ಕೊಂದು. ಬೆಳಕಿನ ದೀಪಗಳು ನಾಲ್ಕಕ್ಕೂ ಒಂದೇ ಕಡೆ ಕಟ್ಟಿದ್ದು. ನಮ್ಮ ಸರದಿ ಬರುವಾಗ ಹಿಂದಿನ ತಂಡದ ಸೆಟ್ ಬಿಚ್ಚುವುದು ತಡವಾಯಿತು. ಗೋಡೆಯ ಕೆಂಪು ಗುರುತಿನ ಮೇಲೆ ಮಾತ್ರ ಬೆಳಕು ನಿಲ್ಲಬೇಕಿದ್ದ ಕ್ಷಣವನ್ನು ಬೆಳಕಿನವರು ಒಂದು ಸಲವೂ ನಟರ ಜೊತೆ ಮಾಡಿ ನೋಡಲು ಆಗಲಿಲ್ಲ. ಹಳೆಯ ನಾಟಕವಾದರೆ ತಂಡಕ್ಕೆ ಅದು ಅಭ್ಯಾಸ ಆಗಿರುತ್ತದೆ, ಹೇಗೋ ನಡೆಯುತ್ತದೆ. ಹೊಸ ನಾಟಕಕ್ಕೆ ಸಮಯ ಜಾಸ್ತಿ ಬೇಕು. ನಾಲ್ಕರ ಬದಲು ಮೂರು ನಾಟಕ ಬರೆಸಿ, ಒಂದೊಂದಕ್ಕೂ ಪೂರ್ತಿ ಒಂದು ದಿನ ರಂಗ ಕೊಡಲಿ.

ಎರಡನೆಯದು ದೊಡ್ಡದು, ಮೊದಲು ಹೇಳಿದ ಆ ಸಾಲಿಗೆ ಸೇರಿದ್ದು. ಉತ್ಸವದಲ್ಲಿ ಎರಡು ಪ್ರದರ್ಶನ. ಅಲ್ಲಿಂದ ಒಂದು ವರ್ಷ ಬೇರೆ ಯಾವ ತಂಡವೂ ಈ ನಾಟಕ ಆಡುವ ಹಾಗಿಲ್ಲ. ಮೊದಲ ಪ್ರದರ್ಶನದ ಹೆಮ್ಮೆ ಉತ್ಸವಕ್ಕೆ ಇರಲಿ, ಅದು ನ್ಯಾಯವೇ. ಆದರೆ ಆ ವರ್ಷದಲ್ಲಿ ಅವರೂ ಮತ್ತೆ ಆಡುವುದಿಲ್ಲ, ಬೇರೆಯವರಿಗೂ ಬಿಡುವುದಿಲ್ಲ. ಬೇರೆ ಊರಿನ ಒಂದು ತಂಡ ಪ್ರದರ್ಶನ ನೋಡಿ ಬಂದು ಕೇಳಿತು. ವರ್ಷ ಕಳೆಯಲಿ ಅನ್ನಬೇಕಾಯಿತು. ಅಷ್ಟರೊಳಗೆ ಅವರು ಬೇರೆ ನಾಟಕ ಕೈಗೆತ್ತಿಕೊಂಡರು. ಹಸಿ ಗೋಡೆಗೆ ನೀರು ಹಾಕದೆ ಬಿಟ್ಟ ಹಾಗಾಯಿತು ಇದು.

ಬೇರೆ ಕಡೆ ಇದಕ್ಕೆ ದಾರಿ ಕಂಡುಕೊಂಡಿದ್ದಾರೆ. ಅಮೆರಿಕದ ನ್ಯಾಷನಲ್ ನ್ಯೂ ಪ್ಲೇ ನೆಟ್‌ವರ್ಕ್ ಅನ್ನುವ ಒಕ್ಕೂಟದಲ್ಲಿ ಕನಿಷ್ಠ ಮೂರು ರಂಗತಂಡಗಳು ಒಂದೇ ಹೊಸ ನಾಟಕವನ್ನು ಹನ್ನೆರಡು ತಿಂಗಳೊಳಗೆ ಬೇರೆ ಬೇರೆ ಊರುಗಳಲ್ಲಿ ಆಡುತ್ತವೆ. ಎಲ್ಲವನ್ನೂ ಸೇರಿಸಿಯೇ ಮೊದಲ ಪ್ರದರ್ಶನ ಅಂತ ಲೆಕ್ಕ. ಬರಹಗಾರರು ಒಂದು ಊರಿನ ಪ್ರದರ್ಶನ ನೋಡಿ ಮುಂದಿನ ಊರಿಗೆ ತಿದ್ದಬಹುದು. ಮೊದಲಿಗರಾಗುವ ಹೆಮ್ಮೆಯೂ ಎಲ್ಲರಿಗೂ ಹಂಚಿಕೆಯಾಗುತ್ತದೆ. ಇದಕ್ಕೆ ದೊಡ್ಡ ಸಂಸ್ಥೆಯೇ ಬೇಕಾಗಿಲ್ಲ. ಅಕ್ಕಪಕ್ಕದ ಎರಡು ಮೂರು ಉತ್ಸವಗಳವರು ಕೂತು ಮಾತಾಡಿದರೆ ಸಾಕು. ನನ್ನ ನಾಟಕದ ಎರಡನೇ ಪ್ರದರ್ಶನ ಮೊದಲನೆಯದಕ್ಕಿಂತ ಎಷ್ಟೋ ಬಿಗಿಯಾಗಿತ್ತು. ಮೂರನೆಯದು, ನಾಲ್ಕನೆಯದು ಹೇಗಿರುತ್ತಿತ್ತೋ ನೋಡಬೇಕು ಅಂತ ನನಗೆ ಈಗಲೂ ಆಸೆ ಇದೆ. ಉತ್ಸವದವರಿಗೆ ಪತ್ರ ಬರೆದು, ಒಂದು ವರ್ಷವನ್ನು ಮೂರು ತಿಂಗಳಿಗೆ ಇಳಿಸಿ ಅಂತ ಕೇಳಿದ್ದೇನೆ. ಮುಂದಿನ ಸಮಿತಿ ಸಭೆಯಲ್ಲಿ ಇಡುತ್ತೇವೆ ಅಂದಿದ್ದಾರೆ.

ಪ್ರದರ್ಶನ ಮುಗಿದ ಕೂಡಲೇ ನಡೆಸುವ ಸಂವಾದವೂ ನನಗೆ ಅಷ್ಟು ಹಿಡಿಸಲಿಲ್ಲ. ನಟರು ಬಣ್ಣ ಸಹ ತೆಗೆದಿರುವುದಿಲ್ಲ, ಅಷ್ಟರಲ್ಲಿ ಯಾರೋ ಎದ್ದು ನಾಟಕದ ಕೊನೆ ಹೀಗಿರಬೇಕಿತ್ತು ಅಂತಾರೆ. ಮಾರನೇ ದಿನ ಬೆಳಗ್ಗೆ ಇಟ್ಟರೆ ಮಾತು ಇನ್ನೂ ಆಳಕ್ಕೆ ಹೋಗುತ್ತದೆ.

ಇಷ್ಟೆಲ್ಲ ಇದ್ದರೂ ಅರ್ಜಿ ಹಾಕಿ ಅಂತಲೇ ಹೇಳುತ್ತೇನೆ. ಪೂರ್ತಿ ಮುಗಿದ ನಾಟಕ ಕೈಯಲ್ಲಿದ್ದು, ಒಂದು ಮಾತೂ ಬದಲಿಸುವ ಮನಸ್ಸಿಲ್ಲದವರಿಗೆ ಇದು ಹೊಂದುವುದಿಲ್ಲ, ಅವರು ನೇರವಾಗಿ ತಂಡ ಹುಡುಕುವುದು ಒಳ್ಳೆಯದು. ಮಿಕ್ಕವರು ಕಳಿಸಿ. ಎರಡು ಪುಟದ ಕಥೆಗೆ ತೀರಾ ಒದ್ದಾಡಬೇಡಿ. ದೃಶ್ಯದ ಮೇಲೆ ಕೆಲಸ ಮಾಡಿ. ಆಯ್ಕೆ ಸಮಿತಿಯಲ್ಲಿ ಇಬ್ಬರು ನಟರೇ ಇರುತ್ತಾರೆ, ಅವರು ಅದನ್ನು ಅಲ್ಲೇ ಗಟ್ಟಿಯಾಗಿ ಓದಿ ನೋಡುತ್ತಾರೆ. ನೀವೂ ಕಳಿಸುವ ಮೊದಲು ಇಬ್ಬರು ಗೆಳೆಯರನ್ನು ಕೂರಿಸಿ ಓದಿಸಿ. ಅವರ ನಾಲಿಗೆ ಎಲ್ಲಿ ತಡವರಿಸಿತು ಅಂತ ಗುರುತು ಹಾಕಿಕೊಳ್ಳಿ. ತಿದ್ದಿ ಆಮೇಲೆ ಕಳಿಸಿ.