ಹಳೆಯ ಬಿಲ್ಲಿಂಗ್ ತಂತ್ರಾಂಶ ಕಂಟೇನರ್‌ಗೆ ಬಂದು ನಾಲ್ಕು ವರ್ಷ: ಬಳಕೆದಾರನ ಅನುಭವ

ಹದಿನೈದು ವರ್ಷ ಒಂದೇ ಸರ್ವರ್‌ನಲ್ಲಿ ಓಡಿದ ನಮ್ಮ ದಾಸ್ತಾನು ಮತ್ತು ಬಿಲ್ಲಿಂಗ್ ತಂತ್ರಾಂಶವನ್ನು ಕಂಟೇನರ್‌ಗಳಿಗೆ (ತಂತ್ರಾಂಶವನ್ನೂ ಅದಕ್ಕೆ ಬೇಕಾದುದನ್ನೂ ಒಟ್ಟಿಗೆ ಕಟ್ಟಿ ಓಡಿಸುವ ಪೊಟ್ಟಣಗಳಿಗೆ) ಅಳವಡಿಸಿ, ಕ್ಲೌಡ್ ಸೇವಾದಾರರು ನಿರ್ವಹಿಸುವ ಕುಬರ್ನೆಟೀಸ್ ಕ್ಲಸ್ಟರ್‌ಗೆ (ಕಂಟೇನರ್‌ಗಳನ್ನು ಓಡಿಸಿ ನೋಡಿಕೊಳ್ಳುವ ಯಂತ್ರಗಳ ಗುಂಪಿಗೆ) ಸಾಗಿಸಿ ಈಗ ನಾಲ್ಕು ವರ್ಷಗಳಾಗಿವೆ. ಸ್ಥಳಾಂತರವಾದ ಕೂಡಲೇ ತಂತ್ರಾಂಶ ಹೊಸದಾಗುತ್ತದೆಂದು ನಾವು ನಂಬಿದ್ದೆವು. ಆದರೆ ಹಳೆಯ ಸರ್ವರ್‌ನ ಮೇಲೆ ಅದು ಎಷ್ಟು ವಿಷಯಗಳಿಗೆ ಸದ್ದಿಲ್ಲದೆ ಆತುಕೊಂಡಿತ್ತು ಎಂಬುದು ತಿಳಿದದ್ದು ಅದನ್ನು ಅಲ್ಲಿಂದ ಕಿತ್ತ ಮೇಲೆಯೇ.

ಮೊದಲ ವಾರದಲ್ಲೇ ಪಾಡ್‌ಗಳು (ಕುಬರ್ನೆಟೀಸ್ ಕಂಟೇನರ್‌ಗಳನ್ನು ಓಡಿಸುವ ಘಟಕಗಳು) ದಿನಕ್ಕೆ ಹಲವು ಬಾರಿ ಸ್ಥಗಿತಗೊಂಡು ಮರಳಿ ಶುರುವಾಗುತ್ತಿದ್ದವು. ಲಾಗ್‌ನಲ್ಲಿ ದೋಷದ ಒಂದು ಸಾಲೂ ಇರಲಿಲ್ಲ. ಪಾಡ್‌ನ ವಿವರದಲ್ಲಿ 137 ಎಂಬ ಸಂಖ್ಯೆ ಮಾತ್ರ ಕಾಣುತ್ತಿತ್ತು. ಮೆಮೊರಿ ಮಿತಿ ಮೀರಿದ್ದರಿಂದ ಕರ್ನಲ್ (ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ಪ್ರಕ್ರಿಯೆಯನ್ನು ಬಲವಂತವಾಗಿ ಕೊನೆಗೊಳಿಸಿದೆ ಎಂಬುದು ಅದರ ಅರ್ಥವಾಗಿತ್ತು. ನಾವು ಬಳಸುತ್ತಿದ್ದ ಜಾವಾ 8ರ ಹಳೆಯ ಆವೃತ್ತಿಗೆ ಕಂಟೇನರ್‌ನ 2 ಜಿಬಿ ಮಿತಿ ಕಾಣುತ್ತಲೇ ಇರಲಿಲ್ಲ. ಅದು ಇಡೀ ಯಂತ್ರದ 16 ಜಿಬಿಯನ್ನು ನೋಡಿ, ಅದರ ಕಾಲು ಭಾಗವನ್ನು ಹೀಪ್‌ನ (ಜಾವಾ ತನ್ನ ದತ್ತಾಂಶಕ್ಕೆ ಬಳಸುವ ಮೆಮೊರಿಯ) ಗರಿಷ್ಠ ಗಾತ್ರವೆಂದು ಇಟ್ಟುಕೊಳ್ಳುತ್ತಿತ್ತು. 2018ರಲ್ಲಿ ಬಂದ 191ನೇ ಅಪ್‌ಡೇಟ್ ಹಾಕಿದ ಮೇಲೆ ಈ ತೊಂದರೆ ನಿಂತಿತು.

ರಾತ್ರಿಯ ಲೆಕ್ಕ ಹೊಂದಿಸುವ ಕೆಲಸ ಅರ್ಧಕ್ಕೆ ಕಡಿದುಹೋಗುತ್ತಿದ್ದುದು ಇನ್ನೂ ಗಂಭೀರವಾಗಿತ್ತು. ಪಾಡ್ ನಿಲ್ಲಿಸುವ ಮುನ್ನ ಕುಬರ್ನೆಟೀಸ್ ಸೂಚನೆ ಕಳುಹಿಸಿ, ಬೇರೆ ಹೇಳದಿದ್ದರೆ 30 ಸೆಕೆಂಡ್ ಕಾಯುತ್ತದೆ, ಆಮೇಲೆ ಬಲವಂತವಾಗಿ ನಿಲ್ಲಿಸುತ್ತದೆ. ನಮ್ಮ ತಂತ್ರಾಂಶವನ್ನು ಶುರುಮಾಡುವ ಶೆಲ್ ಸ್ಕ್ರಿಪ್ಟ್ (ಆದೇಶಗಳ ಸಣ್ಣ ಕಡತ) ಆ ಸೂಚನೆಯನ್ನು ತಾನೇ ಇಟ್ಟುಕೊಂಡು ಜಾವಾಕ್ಕೆ ದಾಟಿಸುತ್ತಿರಲಿಲ್ಲ. ಸ್ಕ್ರಿಪ್ಟ್‌ನ ಕೊನೆಯ ಸಾಲಿಗೆ 'ಎಕ್ಸೆಕ್' ಎಂಬ ಒಂದು ಪದ ಸೇರಿಸಿ, ಸ್ಕ್ರಿಪ್ಟ್‌ನ ಜಾಗದಲ್ಲಿ ಜಾವಾವೇ ನಿಂತು ಸೂಚನೆ ನೇರವಾಗಿ ಪಡೆಯುವಂತೆ ಮಾಡಿ, ಕಾಯುವ ಅವಧಿಯನ್ನು ಹೆಚ್ಚಿಸಿದೆವು. ಆ ಒಂದು ಪದವನ್ನು ಕಂಡುಕೊಳ್ಳಲು ನಮಗೆ ಮೂರು ವಾರ ಹಿಡಿದಿತ್ತು. ಸ್ಥಳೀಯ ಫೋಲ್ಡರ್‌ನಲ್ಲಿ ಉಳಿಸುತ್ತಿದ್ದ ರಸೀದಿಗಳೂ ಪಾಡ್ ಬದಲಾದಾಗಲೆಲ್ಲ ಅಳಿಸಿಹೋಗುತ್ತಿದ್ದುದರಿಂದ ಅವನ್ನು ಆಬ್ಜೆಕ್ಟ್ ಸ್ಟೋರೇಜ್‌ಗೆ (ಪಾಡ್‌ನ ಹೊರಗಿನ ಕಡತ ಸಂಗ್ರಹಕ್ಕೆ) ಸಾಗಿಸಬೇಕಾಯಿತು. ಡೇಟಾಬೇಸನ್ನು ಮಾತ್ರ ಕ್ಲಸ್ಟರ್‌ನ ಹೊರಗೇ ಉಳಿಸಿಕೊಂಡೆವು. ಆ ನಿರ್ಧಾರದ ಬಗ್ಗೆ ನನಗೆ ಇಂದಿಗೂ ಸಮಾಧಾನವಿದೆ.

ಪ್ರಯೋಜನದ ವಿಷಯದಲ್ಲಿ ನನಗೆ ಸಂದೇಹವಿಲ್ಲ. ಹಿಂದೆ ಹೊಸ ಆವೃತ್ತಿ ಹಾಕಬೇಕೆಂದರೆ ಇಬ್ಬರು ಭಾನುವಾರ ರಾತ್ರಿಯೆಲ್ಲ ಎಚ್ಚರವಿರಬೇಕಿತ್ತು. ಈಗ ಅದೇ ಕೆಲಸ ಹಗಲಿನಲ್ಲೇ ಮುಗಿಯುತ್ತದೆ, ತಪ್ಪು ಕಂಡರೆ ಕೆಲವೇ ನಿಮಿಷಗಳಲ್ಲಿ ಹಿಂದಿನ ಇಮೇಜ್‌ಗೆ (ಕಂಟೇನರ್ ಶುರುಮಾಡಲು ಬಳಸುವ ಸಿದ್ಧ ಪ್ರತಿಗೆ) ಮರಳಬಹುದು. ಪರೀಕ್ಷೆ ಮಾಡಿದ ಇಮೇಜ್ ಯಾವುದೋ ಅದೇ ಬಳಕೆಗೂ ಹೋಗುವುದರಿಂದ, 'ನನ್ನ ಯಂತ್ರದಲ್ಲಿ ಸರಿಯಾಗಿಯೇ ಇತ್ತು' ಎಂಬ ಮಾತು ನಮ್ಮ ತಂಡದಲ್ಲಿ ಕೇಳಿ ಬಹಳ ದಿನಗಳಾದವು.

ಆದರೆ ನಿರ್ವಹಣೆಯ ಹೊರೆಯನ್ನು ಹಗುರವಾಗಿ ಎಣಿಸಬಾರದು. ಕುಬರ್ನೆಟೀಸ್ ವರ್ಷಕ್ಕೆ ಸುಮಾರು ಮೂರು ಆವೃತ್ತಿಗಳನ್ನು ಹೊರತರುತ್ತದೆ. ಮೂಲ ಯೋಜನೆಯ ಬೆಂಬಲ ಪ್ರತಿಯೊಂದಕ್ಕೂ ಸುಮಾರು 14 ತಿಂಗಳು ಮಾತ್ರ. 2022ರಲ್ಲಿ ಬಂದ 1.24ನೇ ಆವೃತ್ತಿಯಲ್ಲಿ ಡಾಕರ್‌ಶಿಮ್ (ಡಾಕರ್ ಎಂಬ ಕಂಟೇನರ್ ಸಾಧನವನ್ನು ಕುಬರ್ನೆಟೀಸ್‌ಗೆ ಜೋಡಿಸುವ ಭಾಗ) ತೆಗೆದಾಗ ನಮ್ಮ ಇಮೇಜ್‌ಗಳಿಗೆ ಏನೂ ಆಗಲಿಲ್ಲ. ಡಾಕರ್ ಸಾಕೆಟ್ಟನ್ನು (ಡಾಕರ್ ಜೊತೆ ಮಾತಾಡುವ ದಾರಿಯನ್ನು) ನೆಚ್ಚಿಕೊಂಡಿದ್ದ ಲಾಗ್ ಸಂಗ್ರಾಹಕವನ್ನು ಮಾತ್ರ ಬದಲಿಸಬೇಕಾಯಿತು. ಈ ಕೆಲಸಕ್ಕೆಂದೇ ಒಬ್ಬರನ್ನು ನಿಯೋಜಿಸಲಾಗದ ಸಣ್ಣ ತಂಡಕ್ಕೆ, ಒಂದೇ ತಂತ್ರಾಂಶಕ್ಕಾಗಿ ಇಡೀ ಕ್ಲಸ್ಟರ್ ನಡೆಸುವಂತೆ ನಾನು ಸಲಹೆ ನೀಡಲಾರೆ. ಒಂದೆರಡು ಕಂಟೇನರ್‌ಗಳನ್ನು ಸರಳವಾಗಿ ಓಡಿಸಿಕೊಡುವ ಕ್ಲೌಡ್ ಸೇವೆ ಅಂಥವರಿಗೆ ಸಾಕು.

ನಮ್ಮ ವರದಿ ಮುದ್ರಿಸುವ ಘಟಕ ಇನ್ನೂ ಹಳೆಯ ವರ್ಚುವಲ್ ಯಂತ್ರದಲ್ಲೇ ಇದೆ. ಅದರ ಪರವಾನಗಿ ಆ ಯಂತ್ರದ ನೆಟ್‌ವರ್ಕ್ ಕಾರ್ಡ್ ವಿಳಾಸಕ್ಕೆ ಕಟ್ಟುಬಿದ್ದಿರುವುದರಿಂದ, ಆ ಘಟಕವನ್ನು ಹೊಸದಾಗಿ ಬರೆಯುವವರೆಗೆ ಅದನ್ನು ಕದಲಿಸುವಂತಿಲ್ಲ.