ಹಳೇ ಟ್ರಾವೆಲರ್‌ಗೆ ಟರ್ಬೋ ಎಂಜಿನ್: ಮೂರು ವರ್ಷ ಓಡಿಸಿದ ಮೇಲೆ

ನಮ್ಮದು ಅಡುಗೆ ಕಂಟ್ರಾಕ್ಟ್. ಮದುವೆ ಮನೆಯಲ್ಲಿ ಏಳು ಗಂಟೆಗೆ ತಿಂಡಿ ಬಡಿಸಬೇಕು ಅಂದರೆ ಬನಶಂಕರಿಯಿಂದ ಬೆಳಗಿನ ಜಾವ ಮೂರೂವರೆಗೇ ಗಾಡಿ ಹೊರಡಬೇಕು. ಡಿಸೆಂಬರ್ ಚಳಿಯಲ್ಲಿ ಹಳೇ ಎಂಜಿನ್‌ಗೆ ಹೀಟರ್ ಹಾಕಿ ಕಾಯಬೇಕು, ಸೆಲ್ಫ್ ಹೊಡೀಬೇಕು, ಮತ್ತೆ ಹೀಟರ್. ಮೂರನೇ ಸಲಕ್ಕೆ ಬೀದಿ ತುಂಬಾ ಬಿಳಿ ಹೊಗೆ. ಅಷ್ಟರಲ್ಲಿ ಎದುರು ಮನೆಯವರ ಲೈಟ್ ಹತ್ತಿರುತ್ತಿತ್ತು. ಈಗ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಮೂರು ವರ್ಷದಲ್ಲಿ ಸ್ಟಾರ್ಟ್ ಆಗಲಿಲ್ಲ ಅಂತ ಒಂದು ದಿನವೂ ತಳ್ಳಿಸಿಲ್ಲ.

ಗಾಡಿ 2001ರದ್ದು. ಬಜಾಜ್ ಟೆಂಪೋದವರು 1987ರಲ್ಲಿ ತಂದ ಟ್ರಾವೆಲರ್ ವ್ಯಾನ್ ಬಗ್ಗೆ ನಿಮಗೆ ಗೊತ್ತೇ ಇರುತ್ತದೆ. ಅದರ 2.4 ಲೀಟರ್ ಡೀಸೆಲ್ ಎಂಜಿನ್ ಮರ್ಸಿಡಿಸ್‌ನ ಓಎಂ616, ಅವರ 240ಡಿ ಕಾರಿನಲ್ಲಿದ್ದದ್ದೇ. ಗಟ್ಟಿ ಎಂಜಿನ್, ಆದರೆ ನಮ್ಮದು ದಣಿದುಹೋಗಿತ್ತು. ಬೋರ್ ಮಾಡಿಸಿ ಪೂರ್ತಿ ಇಳಿಸಿ ಕಟ್ಟಲು 90,000 ಕೇಳಿದರು. ಅದಕ್ಕಿಂತ, ಆಕ್ಸಿಡೆಂಟ್ ಆಗಿ ಗುಜರಿಗೆ ಬಂದಿದ್ದ ಇನ್ನೊಂದು ಟ್ರಾವೆಲರ್‌ನ 2.6 ಲೀಟರ್ ಟರ್ಬೋ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಫ್ಯಾನ್) ಎಂಜಿನ್ ಹಾಕಿಸೋಣ ಅಂದುಕೊಂಡೆ. ಕೂಲಿ ಎಲ್ಲಾ ಸೇರಿ 1,80,000 ಆಯಿತು. ಡೀಸೆಲ್ ಬಿಡುವುದನ್ನು ಕಂಪ್ಯೂಟರೇ ನಡೆಸುವ ಕಾಮನ್ ರೈಲ್ ಎಂಜಿನ್ ಬೇಕೆಂದೇ ಬಿಟ್ಟೆ. ಅದಕ್ಕೆ ಇಸಿಯು ಅನ್ನುವ ಆ ಕಂಪ್ಯೂಟರ್, ಸೆನ್ಸರ್, ವೈರಿಂಗ್ ಎಲ್ಲಾ ಜೊತೆಗೆ ಬರಬೇಕು. ಮೆಕ್ಯಾನಿಕಲ್ ಪಂಪ್ ಆದರೆ ಯಾವ ಊರಿನ ಡೀಸೆಲ್ ಪಂಪ್ ರಿಪೇರಿ ಅಂಗಡಿಯವರಾದರೂ ಬಿಚ್ಚಿ ನೋಡುತ್ತಾರೆ.

ಕಾಗದದ ಕೆಲಸವನ್ನು ಮೊದಲು ಮುಗಿಸಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಎಂಜಿನ್ ಬದಲಿಸುವ ಮುಂಚೆಯೇ ಆರ್‌ಟಿಓ ಒಪ್ಪಿಗೆ ಬೇಕು. ಆಮೇಲೆ ಹೊಸ ಎಂಜಿನ್ ನಂಬರ್ ಆರ್‌ಸಿಯಲ್ಲೂ ಇನ್ಶೂರೆನ್ಸ್‌ನಲ್ಲೂ ಹತ್ತಬೇಕು. ಗುಜರಿಯವರ ಹತ್ತಿರ ಬಿಲ್ ಇಲ್ಲ ಅಂದರೆ ಎಂಜಿನ್ ಎಷ್ಟೇ ಚೆನ್ನಾಗಿರಲಿ, ಬಿಟ್ಟುಬಿಡಿ.

ಮೊದಲ ತಿಂಗಳು ಹಬ್ಬದ ಹಾಗಿತ್ತು. ಧರ್ಮಸ್ಥಳದಲ್ಲಿ ಒಂದು ಮದುವೆ ಮುಗಿಸಿ ಪಾತ್ರೆ, ಗ್ಯಾಸ್ ಒಲೆ, ಗ್ರೈಂಡರ್, ಆರು ಜನ, ಎಲ್ಲಾ ತುಂಬಿಕೊಂಡು ಶಿರಾಡಿ ಘಾಟ್ ಹತ್ತಿದೆ. ಮುಂಚೆ ಎರಡನೇ ಗೇರಿನಲ್ಲಿ ನರಳುತ್ತಿದ್ದ ಕಡೆ ಮೂರನೇ ಗೇರಿನಲ್ಲಿ ಸಲೀಸಾಗಿ ಹೋಯಿತು. ಪಕ್ಕದಲ್ಲಿ ಕೂತಿದ್ದ ನಮ್ಮ ಹಿರಿಯ ಅಡುಗೆ ಭಟ್ಟರು, "ಇವತ್ತು ನಿಮ್ಮ ಮಾತು ಕೇಳಿಸ್ತಾ ಇದೆ ನೋಡಿ" ಅಂದರು. ಲೀಟರಿಗೆ ಒಂಬತ್ತು ಕೊಡುತ್ತಿದ್ದದ್ದು ಹನ್ನೊಂದಕ್ಕೆ ಬಂತು.

ಆಮೇಲೆ ಏಪ್ರಿಲ್ ಬಂತು. ಗೊರಗುಂಟೆಪಾಳ್ಯದಲ್ಲಿ ಜಾಮ್. ಹಿಂದೆ ಮುನ್ನೂರು ಜನರ ಊಟ. ಟೆಂಪರೇಚರ್ ಮುಳ್ಳು ಅರ್ಧ ದಾಟಿತು, ಮುಕ್ಕಾಲಾಯಿತು, ಕೆಂಪು ಮುಟ್ಟಿತು. ಎಂಜಿನ್ ಆಫ್ ಮಾಡಿ ಪಕ್ಕಕ್ಕೆ ತಳ್ಳಿದೆವು. ನಲವತ್ತು ನಿಮಿಷ ಕಾದರೂ ರೇಡಿಯೇಟರ್ ಮುಚ್ಚಳ ಮುಟ್ಟುವ ಹಾಗಿರಲಿಲ್ಲ. ಆ ಮನೆಯವರಿಗೆ ಊಟ ಒಂದೂವರೆ ಗಂಟೆ ತಡವಾಯಿತು. ಹುಡುಗಿಯ ತಂದೆ ಬಾಗಿಲಲ್ಲೇ ನಿಂತಿದ್ದರು, ಒಂದು ಮಾತೂ ಬೈಯಲಿಲ್ಲ. ಅದು ಇವತ್ತಿಗೂ ನನಗೆ ಸಂಕಟ.

ಎಂಜಿನ್ ಹಾಕಿದ ಗ್ಯಾರೇಜಿಗೆ ನಾಲ್ಕು ಸಲ ಹೋದೆ. ವಾಟರ್ ಪಂಪ್ ಬದಲಾಯಿಸಿದರು. ಹೆಡ್ ಗ್ಯಾಸ್ಕೆಟ್ ಅಂದರು. ಕೊನೆಗೆ ಥರ್ಮೋಸ್ಟ್ಯಾಟ್ (ಎಂಜಿನ್ ಬಿಸಿಯಾಗುವ ತನಕ ನೀರು ರೇಡಿಯೇಟರಿಗೆ ಹೋಗದ ಹಾಗೆ ತಡೆಯುವ ವಾಲ್ವ್) ಕಿತ್ತು, "ಇನ್ನು ಬಿಸಿ ಆಗಲ್ಲ ಸಾರ್" ಅಂದರು. ಜಾಮಿನಲ್ಲಿ ಅದೇ ಕಥೆ. ಜೊತೆಗೆ ಹೈವೇಯಲ್ಲಿ ಎಂಜಿನ್ ಬೇಕಾದಷ್ಟು ಬಿಸಿಯಾಗದೇ ಡೀಸೆಲ್ ಜಾಸ್ತಿ ಕುಡಿಯತೊಡಗಿತು. ದಯವಿಟ್ಟು ಯಾರೂ ಥರ್ಮೋಸ್ಟ್ಯಾಟ್ ಕೀಳಿಸಬೇಡಿ. ಪಂಪ್ ಮತ್ತು ಕೂಲಿಗೆ 22,000 ಹೋಯಿತು.

ಹೈವೇಯಲ್ಲಿ ಬಿಸಿಯಾಗುವುದಿಲ್ಲ, ನಿಂತಾಗ ಮಾತ್ರ ಆಗುತ್ತದೆ. ಆ ಸುಳಿವನ್ನು ಹಿಡಿದವರು ಕಲಾಸಿಪಾಳ್ಯದ ಹತ್ತಿರದ ಒಬ್ಬ ವಯಸ್ಸಾದ ರೇಡಿಯೇಟರ್ ಕೆಲಸದವರು. ಒಂದು ಹಾಳೆ ಕಾಗದವನ್ನು ರೇಡಿಯೇಟರ್ ಮುಂದೆ ಹಿಡಿದರು. ಫ್ಯಾನ್ ಜೋರಾಗಿ ತಿರುಗುತ್ತಿದ್ದರೂ ಕಾಗದ ಅಂಟಲಿಲ್ಲ, ಜಾರಿ ಬಿತ್ತು. "ಸ್ವಾಮಿ, ಫ್ಯಾನ್ ಸುತ್ತ ಕವರ್ರೇ ಇಲ್ವಲ್ಲ, ಗಾಳಿ ಎಲ್ಲಿಂದ ಎಳೀಬೇಕು?" ಅಂದರು. ಹಳೇ ಕವರ್ ಹೊಸ ಎಂಜಿನ್‌ಗೆ ಕೂರದೆ ಇದ್ದದ್ದಕ್ಕೆ ಗ್ಯಾರೇಜಿನವರು ಅದನ್ನು ತೆಗೆದು ಸುಮ್ನೆ ಇದ್ದುಬಿಟ್ಟಿದ್ದರು. ಫ್ಯಾನ್ ಪಕ್ಕದ ಗಾಳಿಯನ್ನೇ ತಿರುಗಿಸಿ ತಿರುಗಿಸಿ ಎಸೆಯುತ್ತಿತ್ತು. ಮುಂದೆ ಟರ್ಬೋ ಗಾಳಿ ತಣ್ಣಗೆ ಮಾಡುವ ಇಂಟರ್‌ಕೂಲರ್ ಬೇರೆ ಅಡ್ಡ. ರೇಡಿಯೇಟರ್ ಬಿಚ್ಚಿದರೆ ಟ್ಯೂಬ್ ಒಳಗೆಲ್ಲಾ ಬಿಳಿ ಪಾಚಿಯ ಹಾಗೆ ಉಪ್ಪು. ನಾವು ವರ್ಷಗಟ್ಟಲೆ ಬೋರ್‌ವೆಲ್ ನೀರು ಹೊಯ್ದದ್ದರ ಫಲ.

ರೇಡಿಯೇಟರಿಗೆ ಮೂರು ಸಾಲು ಟ್ಯೂಬಿನ ಹೊಸ ಕೋರ್, ತಗಡಿನಲ್ಲಿ ಕೈಯಾರೆ ಮಾಡಿದ ಕವರ್, ಹೊಸ ಥರ್ಮೋಸ್ಟ್ಯಾಟ್, ಕೂಲಂಟ್. ಒಟ್ಟು 14,500. ಕೊನೆಯಲ್ಲಿ ಅವರು ಮತ್ತೆ ಕಾಗದ ಹಿಡಿದರು. ಟಪ್ ಅಂತ ಅಂಟಿಕೊಂಡಿತು. ಆ ಸದ್ದು ಕೇಳಿ ಕಣ್ಣಲ್ಲಿ ನೀರು ಬಂತು.

ಹಾಗಾಗಿ ಎಂಜಿನ್ ಹಾಕಿಸುವವರು ಬಜೆಟ್ಟಿನಲ್ಲಿ ರೇಡಿಯೇಟರ್ ದುಡ್ಡನ್ನು ಮೊದಲೇ ಎತ್ತಿಡಿ. ಗಾಡಿ ತಗೊಳ್ಳುವ ದಿನ ಅರ್ಧ ಗಂಟೆ ನಿಂತಲ್ಲೇ ಓಡಿಸಿ ಮುಳ್ಳು ನೋಡಿ.

ಈಗ ಕೆಲಸ ಮುಗಿಸಿ ಮನೆ ಮುಂದೆ ನಿಲ್ಲಿಸಿದ ಮೇಲೆ ಒಂದು ನಿಮಿಷ ಐಡಲ್‌ನಲ್ಲಿ ಬಿಡುತ್ತೇನೆ, ಟರ್ಬೋ ತಣ್ಣಗಾಗಲಿ ಅಂತ. ಅಷ್ಟರಲ್ಲಿ ಹುಡುಗರು ಪಾತ್ರೆ ಇಳಿಸಲು ಶುರು ಮಾಡಿರುತ್ತಾರೆ. ಸೀಟಿನ ಪಕ್ಕದ ಎಂಜಿನ್ ಮುಚ್ಚಳದ ಮೇಲೆ ಅಂಗೈ ಇಡುತ್ತೇನೆ. ಬೆಚ್ಚಗಿರುತ್ತದೆ, ಸುಡುವುದಿಲ್ಲ. ಕ್ಲಚ್ ಮಾತ್ರ ಇನ್ನೂ ಗಟ್ಟಿ, ಸಂಜೆಗೆ ಎಡಗಾಲು ಜೋಮು ಹಿಡಿಯುತ್ತದೆ. ಆಷಾಢದಲ್ಲಿ ಮದುವೆ ಇರುವುದಿಲ್ಲವಲ್ಲ, ಆಗ ಬಿಚ್ಚಿಸುತ್ತೇನೆ.