ಕೃತಕ ಜೆಲ್ಲಿಫಿಶ್ ತೊಟ್ಟಿಯನ್ನು ಮನೆಗೆ ತರುವವರು ದಯವಿಟ್ಟು ಇದನ್ನು ಓದಿ

ಕಳೆದ ಶ್ರಾವಣದಲ್ಲಿ ನಮ್ಮ ಮನೆಗೆ ತಂದ ಒಂದು ಅಲಂಕಾರದ ತೊಟ್ಟಿಯಿಂದಾಗಿ 76 ವರ್ಷದ ನನ್ನ ತಂದೆಯವರಿಗೆ ಕರೆಂಟು ಹೊಡೆಯುವುದು ಸ್ವಲ್ಪದರಲ್ಲಿ ತಪ್ಪಿತು. ಅದೇ ವಾರ, ಅದೇ ತೊಟ್ಟಿಯ ರಿಮೋಟಿನಿಂದ ಕಳಚಿಕೊಂಡ ಬಟನ್ ಸೆಲ್ಲು 3 ವರ್ಷದ ನನ್ನ ಮಗಳ ಕೈಗೆ ಸಿಕ್ಕಿತ್ತು. ಎರಡೂ ಸಲ ಅನಾಹುತವಾಗಲಿಲ್ಲ. ಆದರೆ ಗೃಹಪ್ರವೇಶಕ್ಕೆ, ಮಕ್ಕಳ ಹುಟ್ಟುಹಬ್ಬಕ್ಕೆ ಇಂಥದ್ದನ್ನು ಉಡುಗೊರೆಯಾಗಿ ಕೊಡುವವರೂ ಇದ್ದಾರಾದ್ದರಿಂದ ನಡೆದದ್ದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ.

ಈ ತೊಟ್ಟಿಯನ್ನು ನೋಡಿಲ್ಲದವರಿಗಾಗಿ ಎರಡು ಮಾತು. ನಮ್ಮದು ಸುಮಾರು 30 ಸೆಂಟಿಮೀಟರ್ ಎತ್ತರದ, 10 ಸೆಂಟಿಮೀಟರ್ ವ್ಯಾಸದ ಪಾರದರ್ಶಕ ಅಕ್ರಿಲಿಕ್ ಕೊಳವೆ. ಕೆಳಗಿನ ಪೀಠದಲ್ಲಿ ಒಂದು ಪುಟ್ಟ ಮೋಟಾರೂ ಬಣ್ಣ ಬದಲಿಸುವ ಎಲ್‌ಇಡಿ ದೀಪಗಳೂ ಇವೆ. ಮೋಟಾರು ನೀರನ್ನು ನಿಧಾನವಾಗಿ ಮೇಲಕ್ಕೆ ತಳ್ಳುತ್ತದೆ, ನೀರು ಇನ್ನೊಂದು ಬದಿಯಿಂದ ಕೆಳಗಿಳಿಯುತ್ತದೆ, ಆ ಸುತ್ತಿನೊಂದಿಗೆ ಸಿಲಿಕೋನಿನ ಎರಡು ಜೆಲ್ಲಿಫಿಶ್‌ಗಳು ಎಳೆಗಳನ್ನು ಇಳಿಬಿಟ್ಟುಕೊಂಡು ಏರಿಳಿಯುತ್ತಿರುತ್ತವೆ. ನಿಜವಾದ ಜೆಲ್ಲಿಫಿಶ್ ಸಾಕಲು ಉಪ್ಪುನೀರು, ಅವು ಮೂಲೆಗೆ ಸಿಕ್ಕಿ ಹರಿದುಹೋಗದಂಥ ದುಂಡನೆಯ ತೊಟ್ಟಿ, ತಪ್ಪದೆ ಆಹಾರ ಎಲ್ಲವೂ ಬೇಕು. ಅದರ ಮುಂದೆ ಈ ಕೃತಕ ತೊಟ್ಟಿ ಸುಲಭದ್ದು ಮತ್ತು ಯಾವ ಜೀವಕ್ಕೂ ಹಿಂಸೆಯಿಲ್ಲದ್ದು ಎಂದು ನಾನು ಈಗಲೂ ಒಪ್ಪುತ್ತೇನೆ. ರಾತ್ರಿ ಎರಡು ಮೂರು ಬಾರಿ ಎದ್ದು ಓಡಾಡುವ ತಂದೆಯವರಿಗೆ ಕಣ್ಣು ಕುಕ್ಕದ ಬೆಳಕೊಂದು ಬೇಕಿತ್ತು. ಆನ್‌ಲೈನಿನಲ್ಲಿ 1,850 ರೂಪಾಯಿ ಕೊಟ್ಟು ತರಿಸಿ, ಅವರ ಮಂಚದ ಪಕ್ಕದ ಟೀಪಾಯಿಯ ಮೇಲೆ ಇಟ್ಟೆ. ನೀಲಿ ಬೆಳಕಿನಲ್ಲಿ ಅವು ತೇಲುವುದನ್ನು ಮೊದಲ ಸಂಜೆ ತಂದೆ ಮತ್ತು ಮೊಮ್ಮಗಳು ಒಂದು ಗಂಟೆ ಕುಳಿತು ನೋಡಿದರು. ಆ ಸಂತೋಷ ಸುಳ್ಳಲ್ಲ.

ತೊಂದರೆಯ ಬೀಜ ಬಿದ್ದದ್ದು ನೀರು ತುಂಬುವಾಗಲೇ. ಬೆಂಗಳೂರಿನ ಹೊರವಲಯದ ನಮ್ಮ ಬಡಾವಣೆಗೆ ಕಾವೇರಿ ನೀರು ಬಂದಿಲ್ಲ. ಕೊಳವೆಬಾವಿಯ ಗಡಸು ನೀರೇ ಗತಿ, ಬಕೆಟ್ಟಿನ ಅಂಚಿನಲ್ಲಿ ಬಿಳಿ ಪೊರೆ ಕಟ್ಟುವಂಥದ್ದು. ಪೆಟ್ಟಿಗೆಯೊಳಗಿದ್ದ ಅಂಗೈಯಗಲದ ಚೀಟಿಯಲ್ಲಿ ಡಿಸ್ಟಿಲ್ಡ್ ವಾಟರ್ ಬಳಸಿ ಎಂದು ಬರೆದಿತ್ತು. ಅದು ತೊಟ್ಟಿ ಹೊಸದಾಗಿ ಕಾಣಲೆಂದು ಹೇಳಿದ ಮಾತೆಂದುಕೊಂಡು ನಾನು ನಲ್ಲಿಯ ನೀರನ್ನೇ ಅಂಚಿನವರೆಗೆ ತುಂಬಿಸಿದೆ. ಜೆಲ್ಲಿಫಿಶ್‌ಗಳ ಛತ್ರಿಯೊಳಗೆ ಗಾಳಿ ಸಿಕ್ಕಿಕೊಂಡಿದ್ದರಿಂದ ಅವು ಮುಳುಗದೆ ಮೇಲೆಯೇ ಅಂಟಿಕೊಂಡು ನಿಂತವು. ಸಿಲಿಕೋನಿಗೆ ನೀರು ಸುಲಭವಾಗಿ ಹತ್ತುವುದಿಲ್ಲ, ಸಣ್ಣ ಗುಳ್ಳೆಗಳು ಅದರ ಮೈಗೆ ಕಚ್ಚಿಕೊಳ್ಳುತ್ತವೆ. ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಒಂದೆರಡು ಹನಿ ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸಿ ಆ ಗುಳ್ಳೆಗಳನ್ನು ಬಿಡಿಸುತ್ತದೆ ಎಂಬುದು ಸರಿಯಾದ ಉಪಾಯವೇ. ನಮ್ಮ ಚೀಟಿಯಲ್ಲಿ ಎಷ್ಟು ಹನಿ ಎಂಬ ಲೆಕ್ಕ ಇರಲಿಲ್ಲ, ಗಡಸು ನೀರಿನಲ್ಲಿ ಎರಡು ಹನಿಗೆ ಏನೂ ಆಗದಂತೆ ಕಂಡಿತು, ನಾನು ಒಂದು ಟೀ ಚಮಚದಷ್ಟು ಸುರಿದೆ. ಜೆಲ್ಲಿಫಿಶ್‌ಗಳು ಮುಳುಗಿದವು, ಕೆಲಸ ಮುಗಿಯಿತೆಂದುಕೊಂಡೆ.

ಒಂಬತ್ತನೆಯ ರಾತ್ರಿ ತೊಟ್ಟಿ ಬೆಳಗಿನವರೆಗೂ ಓಡಲೆಂದು ಬಿಟ್ಟಿದ್ದೆವು. ಮೋಟಾರು ಗಂಟೆಗಟ್ಟಲೆ ನೀರನ್ನು ಕಡೆದಂತೆ ನೊರೆಯೆದ್ದು, ಸಡಿಲವಾದ ಮುಚ್ಚಳದ ಸಂದಿನಿಂದ ಹೊರಬಂದು, ಕೊಳವೆಯ ಹೊರಮೈ ಮೇಲೆ ಇಳಿದು, ಪೀಠದ ಹಿಂಬದಿಯ ತಂತಿಯನ್ನು ಹಿಡಿದುಕೊಂಡು ನೇರವಾಗಿ ಕೆಳಗೆ ಹರಿದಿದೆ. ತಂತಿಯ ತುದಿಯಲ್ಲಿದ್ದದ್ದು ಅಡಾಪ್ಟರು, ಅದು ಸಿಕ್ಕಿಸಿದ್ದು ಟೀಪಾಯಿಯ ಕೆಳಗೆ ನೆಲದ ಮೇಲೆ ಇಟ್ಟಿದ್ದ ಎಕ್ಸ್‌ಟೆನ್ಷನ್ ಬೋರ್ಡಿಗೆ. ಎರಡೂವರೆ ಗಂಟೆಯ ಹೊತ್ತಿಗೆ ಸುಟ್ಟ ವಾಸನೆ ಬಂದು ಎಚ್ಚರಗೊಂಡ ತಂದೆಯವರು ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು, ಬೋರ್ಡಿನ ಸ್ವಿಚ್ಚು ಆರಿಸಲು ಬಗ್ಗಿದ್ದಾರೆ. ಅವರ ಕೈ ತಗಲುವ ಮೊದಲೇ ಇಡೀ ಮನೆ ಕತ್ತಲಾಯಿತು. ಮೀಟರಿನ ಪಕ್ಕದ ಇಎಲ್‌ಸಿಬಿ ಬಿದ್ದಿತ್ತು. ಅದು ಹೊರಗೆ ಸೋರುವ ವಿದ್ಯುತ್ತನ್ನು ಗುರುತಿಸಿ ಸರಬರಾಜನ್ನು ಕಡಿಯುವ ಸಾಧನ, ಮನೆಗಳಿಗೆ ಹಾಕುವುದು ಸಾಮಾನ್ಯವಾಗಿ 30 ಮಿಲಿ ಆಂಪಿಯರಿನದ್ದು. ಐದು ವರ್ಷದ ಹಿಂದೆ ವೈರಿಂಗ್ ಬದಲಿಸುವಾಗ, ಖರ್ಚು ಹೆಚ್ಚಾಯಿತೆಂದು ಅದನ್ನು ಬಿಟ್ಟುಬಿಡೋಣವೇ ಎಂದು ನಾನೇ ಕೇಳಿದ್ದೆ. ಎಲೆಕ್ಟ್ರಿಷಿಯನ್ ಒಪ್ಪಿರಲಿಲ್ಲ. ಅದನ್ನು ನೆನೆದರೆ ಇಂದಿಗೂ ನನಗೆ ಮೈ ನಡುಗುತ್ತದೆ.

ಬೆಳಿಗ್ಗೆ ಅದೇ ಎಲೆಕ್ಟ್ರಿಷಿಯನ್ ಬಂದು ಬೋರ್ಡು ಬಿಚ್ಚಿ ತೋರಿಸಿದರು. ಒಳಗಿನ ಹಿತ್ತಾಳೆಯ ಪಟ್ಟಿಗಳ ನಡುವೆ ಕಪ್ಪಾಗಿ ಸುಟ್ಟ ಗೆರೆ ಇತ್ತು. ತೊಟ್ಟಿಗೆ ಹೋಗುವುದು 5 ವೋಲ್ಟ್, ಅದರಿಂದ ಯಾರಿಗೂ ಅಪಾಯವಿಲ್ಲ, ಅಪಾಯವಿರುವುದು ತಂತಿಯ ಇನ್ನೊಂದು ತುದಿಯ 230 ವೋಲ್ಟಿನಲ್ಲಿ ಎಂದು ಅವರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ನಿಂತಿದೆ. ಡಿಸ್ಟಿಲ್ಡ್ ವಾಟರ್‌ನಲ್ಲಿ ಲವಣಗಳಿಲ್ಲದ್ದರಿಂದ ವಿದ್ಯುತ್ತು ಬಹಳ ಕಡಿಮೆ ಹರಿಯುತ್ತದೆ. ನಮ್ಮ ಕೊಳವೆಬಾವಿಯ ನೀರಿನಲ್ಲಿ ಲವಣವೂ ಇತ್ತು, ಮೇಲೆ ಸೋಪಿನ ದ್ರವವೂ ಸೇರಿತ್ತು. ಪೆಟ್ಟಿಗೆಯೊಂದಿಗೆ ಬಂದಿದ್ದ ಅಡಾಪ್ಟರಿನ ಮೇಲೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತಾಗಲಿ, 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯಾಗಲಿ ಇರಲಿಲ್ಲ. ಅಂಥ ಸಂಖ್ಯೆ ಇದ್ದರೆ ಅದು ನಿಜವೋ ಅಲ್ಲವೋ ಎಂದು 'ಬಿಐಎಸ್ ಕೇರ್' ಆ್ಯಪಿನಲ್ಲಿ ನೋಡಬಹುದು. ಮಾರಿದವರು ಮಾತ್ರ, ಹಿಂದಿರುಗಿಸುವ 7 ದಿನ ಮುಗಿದಿದೆ, ನೀರು ತುಂಬಿಸಿದ ರೀತಿ ನಿಮ್ಮದೇ ತಪ್ಪು ಎಂದು ಎರಡು ಸಾಲಿನ ಉತ್ತರ ಕಳಿಸಿ ಕೈತೊಳೆದುಕೊಂಡರು. ಸೋಪು ಹೆಚ್ಚು ಹಾಕಿದ್ದು ನನ್ನ ತಪ್ಪು ನಿಜ. ಆದರೆ ನೀರು ತುಂಬಿಸಿಯೇ ಬಳಸಬೇಕಾದ ವಸ್ತುವಿಗೆ ಬಿಗಿಯಾದ ಮುಚ್ಚಳವಿಲ್ಲ, ಎಷ್ಟು ತುಂಬಬೇಕೆಂಬ ಗೆರೆಯಿಲ್ಲ, ತಂತಿ ಹೇಗೆ ಹೋಗಬೇಕೆಂಬ ಒಂದು ಮಾತೂ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ.

ರಿಮೋಟಿನ ವಿಷಯ ಇದಕ್ಕಿಂತಲೂ ಭಯ ಹುಟ್ಟಿಸುವಂಥದ್ದು. ಮೂರನೆಯ ದಿನ ತೊಟ್ಟಿಯನ್ನು ಒರೆಸುವಾಗ ಎಲೆಯಷ್ಟು ತೆಳುವಾದ ಆ ರಿಮೋಟಿನ ತಳದ ತಟ್ಟೆ ಹೊರಬಂದಿರುವುದು, ಒಳಗಿನ ಸೆಲ್ಲು ಕಾಣೆಯಾಗಿರುವುದು ಕಂಡಿತು. ಸಿಆರ್ 2025 ಎಂಬ ಆ ಸೆಲ್ಲು 20 ಮಿಲಿಮೀಟರ್ ಅಗಲದ್ದು, ಹೆಚ್ಚುಕಡಿಮೆ ನಾಣ್ಯದಂತೆಯೇ ಕಾಣುತ್ತದೆ. ಅದನ್ನು ಭದ್ರಪಡಿಸಲು ಒಂದು ಸ್ಕ್ರೂ ಸಹ ಇರಲಿಲ್ಲ, ಉಗುರಿನಿಂದ ಎಳೆದರೆ ತಟ್ಟೆ ಬರುತ್ತಿತ್ತು. ಮಗಳು ಅದನ್ನು ಮುಷ್ಟಿಯಲ್ಲಿ ಹಿಡಿದು ಮಂಚದಡಿ ಆಡುತ್ತಿದ್ದಳು. ಸೆಲ್ಲು ಗಂಟಲಲ್ಲಿ ಸಿಕ್ಕಿಕೊಂಡರೆ ಉಸಿರುಗಟ್ಟುವುದಷ್ಟೇ ಅಪಾಯವೆಂದು ನಾನು ತಿಳಿದಿದ್ದೆ. ಮಕ್ಕಳ ವೈದ್ಯರು ವಿವರಿಸಿದ್ದು ಬೇರೆ: ಅನ್ನನಾಳದ ತೇವ ತಗುಲಿದೊಡನೆ ಸೆಲ್ಲಿನ ಎರಡು ಮುಖಗಳ ನಡುವೆ ವಿದ್ಯುತ್ತು ಹರಿದು ತೀಕ್ಷ್ಣ ಕ್ಷಾರ ಹುಟ್ಟುತ್ತದೆ, ಎರಡೇ ಗಂಟೆಗಳಲ್ಲಿ ಅನ್ನನಾಳ ಆಳವಾಗಿ ಸುಡಬಹುದು. ಮೊದಮೊದಲು ಮಗುವಿಗೆ ಬರೀ ಜೊಲ್ಲು, ಕೆಮ್ಮು, ಊಟ ಬೇಡವೆನ್ನುವುದು ಇಷ್ಟೇ ಕಾಣಿಸಬಹುದು. ನುಂಗಿರಬಹುದೆಂಬ ಸಂಶಯ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ, ಮಲದಲ್ಲಿ ಹೋಗುತ್ತದೆಂದು ಕಾಯದೆ, ಎಕ್ಸ್‌ರೇ ಇರುವ ಆಸ್ಪತ್ರೆಗೆ ಆ ಕ್ಷಣವೇ ಓಡಬೇಕು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇಂಥ ರಿಮೋಟನ್ನು ಪೆಟ್ಟಿಗೆ ತೆರೆದ ದಿನವೇ ಸೆಲ್ಲು ತೆಗೆದು ಬದಿಗಿಡಿ. ತೊಟ್ಟಿಯ ಪೀಠದಲ್ಲೇ ಗುಂಡಿ ಇರುತ್ತದೆ, ರಿಮೋಟು ಇಲ್ಲದೆ ಏನೂ ನಿಲ್ಲುವುದಿಲ್ಲ.

ಇಷ್ಟಾದ ಮೇಲೂ ತೊಟ್ಟಿಯನ್ನು ನಾವು ಎಸೆಯಲಿಲ್ಲ. ಪೀಠದೊಳಕ್ಕೆ ನೀರು ಇಳಿದಿರಲಿಲ್ಲ, ಮಗಳಿಗೆ ಅದರ ಮೇಲೆ ಪ್ರಾಣ. ಈ ಬಾರಿ ಜೆಲ್ಲಿಫಿಶ್‌ಗಳನ್ನು ಮೊದಲು ಒಂದು ಬೋಗುಣಿ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ, ನೀರಿನೊಳಗೇ ಮೆಲ್ಲಗೆ ಹಿಸುಕಿ ಗಾಳಿ ಹೊರಡಿಸಿದೆ. ಹೀಗೆ ಮಾಡಿದರೆ ಲಿಕ್ವಿಡ್ಡು ಎರಡು ಹನಿಗಿಂತ ಹೆಚ್ಚು ಬೇಕಾಗುವುದಿಲ್ಲ. ಬ್ಯಾಟರಿ ಅಂಗಡಿಯಲ್ಲಿ ಕ್ಯಾನಿನಲ್ಲಿ ಸಿಗುವ ಡಿಸ್ಟಿಲ್ಡ್ ವಾಟರನ್ನೇ ತಂದು, ಮೇಲೆ ಮೂರು ಬೆರಳಷ್ಟು ಜಾಗ ಬಿಟ್ಟು ತುಂಬಿಸಿದೆ. ಅದರಲ್ಲಿ ಬಿಳಿ ಪೊರೆ ಕಟ್ಟದು, ಮೋಟಾರಿನ ಪುಟ್ಟ ರೆಕ್ಕೆಗಳೂ ಸಿಕ್ಕಿಹಾಕಿಕೊಳ್ಳವು. ಎಕ್ಸ್‌ಟೆನ್ಷನ್ ಬೋರ್ಡನ್ನು ತೆಗೆದುಹಾಕಿ, ಗೋಡೆಯ ಸಾಕೆಟ್ಟಿಗೆ ಬಿಐಎಸ್ ಗುರುತಿರುವ ಮೊಬೈಲ್ ಚಾರ್ಜರ್ ಸಿಕ್ಕಿಸಿದ್ದೇನೆ. ತಂತಿ ಸಾಕೆಟ್ಟಿಗಿಂತ ಒಂದು ಗೇಣು ಕೆಳಗೆ ಜೋತುಬಿದ್ದು ಆಮೇಲೆ ಮೇಲೇರುವಂತೆ ಬಿಟ್ಟಿದ್ದೇನೆ. ಮೀನಿನ ತೊಟ್ಟಿ ಇಡುವವರು ಹಿಂದಿನಿಂದಲೂ ಮಾಡುವ ಕ್ರಮವಿದು. ತಂತಿಯಗುಂಟ ನೀರು ಇಳಿದರೂ ಆ ಬಾಗಿನಲ್ಲೇ ನೆಲಕ್ಕೆ ತೊಟ್ಟಿಕ್ಕುತ್ತದೆಯೇ ಹೊರತು ಸಾಕೆಟ್ಟಿಗೆ ಏರುವುದಿಲ್ಲ. ಕಿಟಕಿಯ ಬಿಸಿಲು ಬೀಳುವಲ್ಲಿ ಇಟ್ಟರೆ ಪಾಚಿ ಹಿಡಿಯುತ್ತದೆ. ಊರಿಗೆ ಹೋಗುವಾಗ ಪೂರ್ತಿ ಖಾಲಿ ಮಾಡಿ ಒಣಗಿಸಬೇಕು, ಏಕೆಂದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮನೆಯೊಳಗೆ ನಿಂತ ಇಂಥ ತಿಳಿನೀರೇ ಸಾಕು.

ತೊಟ್ಟಿ ಈಗ ಹಜಾರದಲ್ಲಿದೆ. ಸಂಜೆ ಎರಡು ಗಂಟೆ ಮಾತ್ರ, ನಾವು ಎಚ್ಚರವಾಗಿ ಅಲ್ಲೇ ಇರುವಾಗ ಹಚ್ಚುತ್ತೇವೆ. ಮಲಗುವ ಮುನ್ನ ಕೈ ಒರೆಸಿಕೊಂಡು ಚಾರ್ಜರನ್ನು ಕಿತ್ತಿಡುತ್ತೇನೆ, ಪ್ರತಿ ತಿಂಗಳ ಮೊದಲ ದಿನ ಇಎಲ್‌ಸಿಬಿಯ 'ಟೆಸ್ಟ್' ಗುಂಡಿ ಒತ್ತಿ ಅದು ಬೀಳುತ್ತದೆಯೇ ಎಂದು ನೋಡುತ್ತೇನೆ. ತಂದೆಯವರ ಕೋಣೆಯಲ್ಲಿ ಸಾಕೆಟ್ಟಿಗೆ ನೇರವಾಗಿ ಸಿಕ್ಕಿಸುವ ಸಣ್ಣ ರಾತ್ರಿದೀಪವೊಂದು ಉರಿಯುತ್ತಿದೆ.